ಎಷ್ಟು ಕೆಡವಾಕತ್ತಿ?

ನನ್ನ ಕೆಲಸ ಏನೆಂದು ಅವ್ವನಿಗೆ ಒಮ್ಮೆ ಬಿಡಿಸಿ ಹೇಳಿದ್ದೆ. "ಮೂರು ಕಂಪನಿಯವರ ಹತ್ರ ಬಾಡಿಗಿ ಕಂಪ್ಯೂಟರ್ ಅದಾವವ್ವಾ. ಯಾವುದು ಎಲ್ಲಿರಬೇಕು ಅಂತ ಬರದು ಒಂದು ಕಮಾಂಡ್ ಕೊಟ್ರ ಅವು ಅಲ್ಲಿ ಹುಟ್ಟತಾವು. ಬ್ಯಾಡ ಅಂದ್ರ ಸಾಯ್ತಾವು."

ಅವ್ವ ಮೆಂತ್ಯದ ಸೊಪ್ಪು ಸೋಸುತ್ತ, "ಹಂಗಾರ ಭಾಳ ಹುಷಾರಿರಬೇಕು" ಎಂದಳು. ನಮ್ಮ ಕಂಪನಿಯ ದಪ್ಪನೆಯ ನಿಯಮಾವಳಿ ಹೇಳುವುದೂ ಅಷ್ಟೇ, ಪುಟ ಮಾತ್ರ ಜಾಸ್ತಿ.

ಆ ಕಮಾಂಡಿಗೆ ಒಂದು ಒಳ್ಳೆಯ ಗುಣವಿದೆ. ಕೈಹಾಕುವ ಮುಂಚೆ ಪಟ್ಟಿ ತೋರಿಸುತ್ತದೆ: ಇಷ್ಟು ಹೊಸದಾಗಿ ಕಟ್ಟುತ್ತೇನೆ, ಇಷ್ಟು ಬದಲಿಸುತ್ತೇನೆ, ಇಷ್ಟು ಕೆಡವುತ್ತೇನೆ. ನಾವು ಹೌದೆಂದು 'ಎಸ್' ಟೈಪ್ ಮಾಡಿದರೆ ಮಾತ್ರ ಮುಂದಿನ ಮಾತು. ನಮ್ಮ ತಂಡದಲ್ಲಿ ಒಂದು ಪದ್ಧತಿಯಿತ್ತು. ಬರೆದವರು ಪಟ್ಟಿಯನ್ನು ಜೋರಾಗಿ ಓದಬೇಕು, ಪಕ್ಕದ ಕುರ್ಚಿಯವರು ಕೇಳಿ ಹೂಂ ಅನ್ನಬೇಕು, ಆಮೇಲೆ ಎಸ್. ತಂಡ ಕರಗುತ್ತ ಕರಗುತ್ತ ಕೊನೆಗೆ ನಾನೊಬ್ಬಳೇ ಉಳಿದೆ. ತೆಲುಗು ಸೀಮೆಯ ಲಿಂಗಂಪಲ್ಲಿಯ ನಮ್ಮ ಮನೆಯ ಊಟದ ಮೇಜೇ ಆಫೀಸಾಯಿತು. "ನೀವು ಸೀನಿಯರ್, ನೀವೇ ನೋಡಿಕೊಳ್ಳಿ" ಎಂದರು ಮ್ಯಾನೇಜರ್. ಹೊಗಳುತ್ತಲೇ ಕೈತೊಳೆದುಕೊಂಡರು. ನಾನು ಪಟ್ಟಿಯನ್ನು ಅವ್ವನಿಗೆ ಓದತೊಡಗಿದೆ.

ಅವ್ವನಿಗೆ ಅದರ ತಲೆಬುಡ ತಿಳಿಯುತ್ತಿರಲಿಲ್ಲ. ಆದರೆ ಕೊನೆಗೆ ತಪ್ಪದೆ ಒಂದು ಪ್ರಶ್ನೆ: "ಎಷ್ಟು ಕೆಡವಾಕತ್ತಿ?" ಅಪ್ಪ ರಕ್ಷಣಾ ಕಾರ್ಖಾನೆಯ ನೌಕರಿಯಲ್ಲಿದ್ದಾಗ, ಕ್ವಾರ್ಟರ್ಸಿನ ಹಿಂದಿನ ತಗಡಿನ ಶೆಡ್ ಕೆಡವಲು ಬಂದವರು ಪಕ್ಕದ ತುಳಸಿಕಟ್ಟೆಯನ್ನೂ ಕೆಡವಿ ಹೋಗಿದ್ದರು. ವಿಜಯಪುರದ ತವರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಸಸಿ ಅದರಲ್ಲಿತ್ತು. ಅಂದಿನಿಂದ ಕೆಡವುವವರನ್ನು ಲೆಕ್ಕ ಕೇಳದೆ ಅವ್ವ ಬಿಟ್ಟವಳಲ್ಲ.

ಒಂದು ಮುಂಜಾನೆ ನಾನು ಓದಿ ಮುಗಿಸಿ, "ಹತ್ತೊಂಬತ್ತು ಕೆಡವೂದು" ಎಂದೆ.

"ನಿನ್ನೆ ಎರಡು ಅಂದಿದ್ದಿ?"

ಎಸ್ ಒತ್ತಲು ಹೊರಟ ಬೆರಳು ನಿಂತಿತು. ಪರದೆಯ ಮೇಲೆ ಎರಡು ಕಪ್ಪು ಕಿಟಕಿಗಳಿದ್ದವು. ಒಂದು ಪರೀಕ್ಷೆಗೆಂದು ಇಟ್ಟ ಯಂತ್ರಗಳದ್ದು, ಇನ್ನೊಂದು ಜನ ನಿಜವಾಗಿ ಬಳಸುವ ಯಂತ್ರಗಳದ್ದು. ಕೆಡವಬೇಕಿದ್ದದ್ದು ಮೊದಲನೆಯದರಲ್ಲಿ, ನಾನು ಎರಡನೆಯದರಲ್ಲಿ ಕೂತಿದ್ದೆ. ಒತ್ತದೆ ಆ ಕಿಟಕಿಯನ್ನೇ ಮುಚ್ಚಿದೆ. ಅವ್ವ ಮಾತ್ರ ಸೊಪ್ಪಿನ ದಂಟು ಮುರಿಯುತ್ತ, "ಚಹಾ ಇಡ್ಲೇನು?" ಎಂದಳು.

ಆಮೇಲೆ ತಮ್ಮನ ಮನೆಯಲ್ಲಿ ಮಗು ಹುಟ್ಟಿತು. ಅವನ ಹೆಂಡತಿಗೆ ವಿಮಾನ ನಿಲ್ದಾಣದಲ್ಲಿ ಪಾಳಿ ಕೆಲಸ. ಅವ್ವ ಅವರಿದ್ದ ಶಂಶಾಬಾದಿಗೆ ಹೊರಟಳು. "ಒಂದಾರು ತಿಂಗಳು ಅಷ್ಟ" ಎಂದಳು. "ಹೋಗು, ನಾನೇನು ಸಣ್ಣ ಕೂಸೇನು?" ಎಂದು ಸಿಡುಕಿದೆ. ಸಿಟ್ಟು ಬಂದದ್ದು ಮಗುವಿನ ಮೇಲೆ. ನಲವತ್ತು ದಾಟಿದ ಹೆಂಗಸಿಗೆ ತೊಟ್ಟಿಲ ಕೂಸಿನ ಮೇಲೆ ಹೊಟ್ಟೆಕಿಚ್ಚು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದೇ ಹಾಗೆ. ಆರು ತಿಂಗಳು ಹೋಗಿ ಎರಡು ವರ್ಷವಾಯಿತು. ಆ ಮನೆಯ ಮಾತು ತೆಲುಗು. ಅವ್ವನೂ ಈಗ ಅದರಲ್ಲೇ ಲಾಲಿಸುತ್ತಾಳೆ. ನನ್ನ ಮನೆಯಲ್ಲಿ ಕುಕ್ಕರ್ ಕೂಗುತ್ತದೆ, ಲೋಕಲ್ ರೈಲು ಕೂಗುತ್ತದೆ, ಮಾತಿಲ್ಲ.

ಹಿಂದಿನ ತಿಂಗಳು ಒಂದು ದೊಡ್ಡ ಕೆಲಸವಿತ್ತು. ಸಣ್ಣ ಊರುಗಳ ರಕ್ತಪರೀಕ್ಷೆಯ ಲ್ಯಾಬುಗಳ ವರದಿಗಳನ್ನೆಲ್ಲ ಒಂದು ಬಾಡಿಗೆ ಕಂಪನಿಯ ಕ್ಲೌಡಿನಿಂದ ಇನ್ನೊಂದಕ್ಕೆ ಸಾಗಿಸಿ, ಹಳೆಯ ಜಾಗವನ್ನು ಕೆಡವಬೇಕು. ಕೆಡವಿದ ಮೇಲೆ ಮರಳಿ ತರುವ ದಾರಿಯಿಲ್ಲ. ಯಾರದೋ ಮೂರು ವರ್ಷದ ಸಕ್ಕರೆ ಕಾಯಿಲೆಯ ಚರಿತ್ರೆ, ಯಾರದೋ ಬಸುರಿನ ಮೊದಲ ಪರೀಕ್ಷೆ, ಎಲ್ಲ ಅದರಲ್ಲಿ.

ಪಟ್ಟಿ ಬಂತು. ಬೆಳಗಿನ ಹೊತ್ತು. ಬಿಂಕ ಬಿಟ್ಟು ಅವ್ವನಿಗೆ ಫೋನ್ ಮಾಡಿದೆ. "ಅವ್ವಾ, ಪಟ್ಟಿ ಓದ್ತೀನಿ, ಕೇಳು."

"ಹೂಂ, ಓದು" ಎಂದಳು. ಹಿಂದೆ ಮಗು ಏನೋ ಬಡಿಯುತ್ತಿತ್ತು. ನಾನು ಓದಿದೆ. ಅವಳು ಹೂಂ, ಹೂಂ ಎನ್ನುತ್ತ ನಡುನಡುವೆ ಮಗುವಿಗೆ ತೆಲುಗಿನಲ್ಲಿ ಗದರಿದಳು. ಓದಿ ಮುಗಿಸಿ ಕಾಯುತ್ತ ಕೂತೆ.

"ಆತೇನವಾ? ಎಸ್ ಹಾಕು ಮತ್ತ. ಇದು ಹಾಲು ಚೆಲ್ಲಿ ಕುಂತೈತಿ, ಆಮ್ಯಾಲೆ ಫೋನ್ ಮಾಡ್ತೀನಿ." ಫೋನ್ ಇಟ್ಟಳು.

ಎಷ್ಟು ಎಂದು ಕೇಳಲಿಲ್ಲ. 'ಎಸ್' ಟೈಪ್ ಮಾಡಿದೆ, ಎಂಟರ್ ಮಾತ್ರ ಒತ್ತಲಾಗಲಿಲ್ಲ. ಆ ಪ್ರಶ್ನೆ ಇಲ್ಲದೆ ಕೆಲಸ ಅರ್ಧಕ್ಕೇ ನಿಂತ ಹಾಗಿತ್ತು. ಕೊನೆಗೆ ಖಾಲಿ ಅಡುಗೆಮನೆಯ ಕಡೆ ತಿರುಗಿ, ಅವ್ವನ ದನಿಯಲ್ಲೇ ಜೋರಾಗಿ ಕೇಳಿದೆ: "ಎಷ್ಟು ಕೆಡವಾಕತ್ತಿ?"

ಹತ್ತು ಎನ್ನಲು ಬಾಯಿ ತೆರೆದೆ. ಹತ್ತು ಊರುಗಳ ವರದಿ ಸಾಗಿಸಿದ್ದೆ, ಊರಿಗೊಂದು ಜಾಗ. ಪರದೆ ಹನ್ನೊಂದು ಎನ್ನುತ್ತಿತ್ತು.

ಬೆರಳಿಟ್ಟು ಒಂದೊಂದೇ ಸಾಲು ನೋಡಿದೆ. ಏಳನೆಯದು ಸಾಗಿಸದೇ ಉಳಿದ ಊರು. ಅದನ್ನು ಅವ್ವನಿಗೆ ಸ್ಪಷ್ಟವಾಗಿ ಓದಿಯೂ ಇದ್ದೆ. ಟೈಪ್ ಮಾಡಿದ್ದನ್ನು ಅಳಿಸಿ 'ನೋ' ಎಂದು ಹೊಡೆದೆ. ಮ್ಯಾನೇಜರಿಗೆ 'ನಾಳೆಗೆ ಮುಂದೂಡಿದೆ' ಎಂದು ಕಳಿಸಿದರೆ, ಹೆಬ್ಬೆರಳಿನ ಚಿತ್ರವೊಂದು ಬಂತು.

ಸಂಜೆಯವರೆಗೂ ಫೋನ್ ಎದುರಿಗೇ ಇಟ್ಟುಕೊಂಡಿದ್ದೆ. ಅವ್ವ ಮಾಡಲಿಲ್ಲ, ಮರೆತಿರಬೇಕು. ನಾನೂ ಮಾಡಲಿಲ್ಲ.

ಈಗ ಪ್ರತಿ ಸಲ ಪಟ್ಟಿ ಬಂದಾಗ ನಾನೇ ಕೇಳುತ್ತೇನೆ, ನಾನೇ ಎಣಿಸಿ ಉತ್ತರ ಹೇಳುತ್ತೇನೆ. ಈ ಮನೆಯಲ್ಲಿ ಕನ್ನಡ ಕೇಳಿಸುವುದು ಅಷ್ಟೇ ಹೊತ್ತು.