ಬಲದಿಂದ ಓದಿದ ಹೆಸರು

ಭಾನುವಾರ ಬೆಳಿಗ್ಗೆ ಬಚ್ಚಲ ಕನ್ನಡಿಯನ್ನು ಕಂಕುಳಲ್ಲಿಟ್ಟುಕೊಂಡು ಸ್ಮಶಾನಕ್ಕೆ ಹೊರಟ ಡಾಕ್ಟರನ್ನು ಯಾವ ಹೆಂಡತಿ ತಾನೇ ಸುಮ್ಮನೆ ಬಿಟ್ಟಾಳು?

“ರೀ, ಪೇಷೆಂಟ್ಸ್ ಯಾರಾದ್ರೂ ನೋಡಿದ್ರೆ, ಫಾಲೋ ಅಪ್‌ಗೆ ಹೋಗ್ತಿದಾರೆ ಅಂದ್ಕೊಳ್ತಾರೆ!” ಎಂದಳು ಶೈಲಾ.

ಇದಕ್ಕೆಲ್ಲ ಕಾರಣ ಐರ್ಲೆಂಡಿನ ಲೂಕನ್ ಊರಿನಲ್ಲಿ ನಮ್ಮ ಪಕ್ಕದ ಮನೆಯ ಮಿರಿಯಮ್. ಎಂಬತ್ತು ದಾಟಿದ ಪಿಯಾನೊ ಮೇಡಂ. ಅವರ ಅಜ್ಜ ಅಂಗಡಿ ಇಟ್ಟಿದ್ದ ಹಳ್ಳಿಯ ಹೊರಗೆ ಯಹೂದಿಗಳ ಪುಟ್ಟ ಸ್ಮಶಾನವಿದೆ. ಹಳ್ಳಿಯಲ್ಲೀಗ ಯಹೂದಿಗಳಿಲ್ಲ, ಕಲ್ಲುಗಳಿವೆ. ಐರಿಷ್ ಮಳೆ ಅವನ್ನೂ ನೆಕ್ಕಿ ಮುಗಿಸುವ ಮುನ್ನ ಪ್ರತಿಯೊಂದರ ಫೋಟೊ ತೆಗೆದು, ಬರಹ ಓದಿಡಬೇಕೆಂಬುದು ಮಿರಿಯಮ್ಮರ ಹಟ. ಹೀಬ್ರೂ ಬಲ್ಲ ಅವರ ಕಣ್ಣಿಗೆ ಪೊರೆ ಬಂದಿದೆ. ಕಣ್ಣು ನೆಟ್ಟಗಿರುವ ನನಗೆ ಹೀಬ್ರೂ ಬಾರದು. ನಮ್ಮ ಹಳೆಯ ಶಾಸ್ತ್ರಕಾರರು ಕುರುಡ-ಕುಂಟರ ನ್ಯಾಯ ಎಂದದ್ದು ಇದನ್ನೇ. ಪಾಪ, ಅವರಿಗೆ ಕಾರು ಓಡಿಸುವ ಕುಂಟ ಗೊತ್ತಿರಲಿಲ್ಲ.

ಅಂದು ಉಳಿದಿದ್ದದ್ದು ಮೂಲೆಯ ಒಂದು ಗಿಡ್ಡ ಕಲ್ಲು. ಮಿರಿಯಮ್ಮರ ತಂದೆಗೆ ಜೊತೆಯಲ್ಲಿ ಆಡುತ್ತಿದ್ದ ಅಕ್ಕನೊಬ್ಬಳಿದ್ದು, ಚಿಕ್ಕವಳಿದ್ದಾಗಲೇ ತೀರಿಕೊಂಡಳಂತೆ. ಮನೆಯಲ್ಲಿ ಯಾರೂ ಅವಳ ಹೆಸರೆತ್ತುತ್ತಿರಲಿಲ್ಲ. ಕಲ್ಲಿನ ಕೆಳಸಾಲನ್ನು ಬೆರಳಿನಿಂದ ಸವರಿದ ಮಿರಿಯಮ್, “ಇದು ನಮ್ಮಜ್ಜನ ಹೆಸರು. ಇವರ ಮಗಳು ಅಂತಿದೆ. ಮೇಲಿನದು ಸಿಗ್ತಿಲ್ಲ,” ಎಂದರು.

ಈ ದೇಶದ ಸೂರ್ಯ ಬಹಳ ಸಂಕೋಚದವನು. ಅವನು ಇಣುಕಿದ ಕೂಡಲೇ ಕನ್ನಡಿಯಿಂದ ಬೆಳಕನ್ನು ಓರೆಯಾಗಿ ಬಿಟ್ಟೆ. ಸವೆದ ಗೆರೆಗಳಲ್ಲಿ ನೆರಳು ತುಂಬಿ ಮೂರು ಅಕ್ಷರ ಎದ್ದವು.

“ಮೊದಲು ಕತ್ತೆತ್ತಿದ ಕೊಕ್ಕರೆ. ಆಮೇಲೆ ಬಾಗಿಲ ಚೌಕಟ್ಟು. ಕೊನೆಗೆ ಕೊಡೆಯ ಬಾಗಿದ ಹಿಡಿಕೆ,” ಎಂದು ಆಕಾರ ಹೇಳಿದೆ.

“ಲ, ಹ, ರ? ಅಂಥ ಹೆಸರು ನಮ್ಮಲ್ಲಿಲ್ಲವಲ್ಲ!”

ನಮ್ಮಲ್ಲಿ ಲಹರಿ ಇದೆ ಎನ್ನಲು ಬಾಯಿ ತೆರೆದವನು ತಟ್ಟನೆ ತಡೆದುಕೊಂಡೆ. ಹೀಬ್ರೂ ಬಲದಿಂದ ಎಡಕ್ಕೆ! ನಾನೋ ಕಾಪಿ ಪುಸ್ತಕದ ಶಿಸ್ತಿನಲ್ಲಿ ಎಡದಿಂದ ಹೊರಟಿದ್ದೆ.

“ಕ್ಷಮಿಸಿ, ತಿರುಗಿಸಿ ಓದಿ.”

ಮಿರಿಯಮ್ ಮೆಲ್ಲನೆ ಹೇಳಿಕೊಂಡರು: “ರ, ಹ, ಲ… ರಾಹೆಲ್.”

ಕಣ್ಣು ತುಂಬಿಕೊಂಡು ಆ ಮೂರು ಅಕ್ಷರಗಳನ್ನು ಬೆರಳಿನಿಂದ ಸವರಿದರು. ಹುಷಾರಾಗಿದ್ದೀರಾ ಎಂದು ಕೇಳಿದೆ.

“ಗ್ರ್ಯಾಂಡ್, ಗ್ರ್ಯಾಂಡ್,” ಎಂದು ಐರಿಷರ ಮಾತಿನಲ್ಲೇ ‘ಚೆನ್ನಾಗಿದ್ದೇನೆ’ ಹೇಳಿ, ಕಣ್ಣೊರೆಸಿಕೊಂಡರು. “ಕೊನೆಗಾಲದಲ್ಲಿ ಅಪ್ಪ ನನ್ನನ್ನ ರಾಹೆಲ್ ಅಂತಾನೇ ಕರೀತಿದ್ರು. ‘ಅಲ್ಲಪ್ಪಾ, ನಾನು ಮಿರಿಯಮ್’ ಅಂತ ಪ್ರತಿ ಸಲ ತಿದ್ದುತಿದ್ದೆ. ನನ್ನ ಹೆಸರು ಮರೆತಿದಾರೆ ಅಂದ್ಕೊಂಡಿದ್ದೆ.”

ಯಹೂದಿಗಳು ಸಮಾಧಿಗೆ ಹೂವಿಡುವುದಿಲ್ಲ, ಪುಟ್ಟ ಕಲ್ಲಿಡುತ್ತಾರೆ. ಮಿರಿಯಮ್ ಒಂದನ್ನಿಟ್ಟು, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು.

“ನಾನು ಇವಳಿಗೆ ಏನೂ ಆಗಬೇಕಾಗಿಲ್ಲವಲ್ಲ?” ಎಂದೆ.

“ಇಷ್ಟು ವರ್ಷಕ್ಕೆ ಅವಳ ಹೆಸರು ಓದಿದ್ದೀರಿ,” ಎಂದರು ಮಿರಿಯಮ್. “ಅದೂ ತಿರುಗುಮುರುಗಾಗಿ. ಚಿಕ್ಕ ಹುಡುಗಿ ಅಲ್ವೇ, ನಕ್ಕಿರ್ತಾಳೆ. ಇಡಿ.”