ಸಂಪಿನ ಮೇಲಿನ ಪರಸಿ

ನಮ್ಮ ಕಡೆ ಪರಸಿ ಕಲ್ಲನ್ನು ಯಾರೂ ಅನುಮಾನಿಸುವುದಿಲ್ಲ. ನೆಲಕ್ಕೂ ಅದೇ, ಮಾಳಿಗೆಗೂ ಅದೇ, ಬಟ್ಟೆ ಒಗೆಯುವುದೂ ಅದರ ಮೇಲೆಯೇ. ಅದು ಮೋಸ ಮಾಡೀತು ಎಂದರೆ ಶಹಾಬಾದಿನವರು ನಕ್ಕುಬಿಡುತ್ತಾರೆ. ನನಗೆ ಗೊತ್ತಿದ್ದಂತೆ ಅನುಮಾನಿಸುತ್ತಿದ್ದವನು ನನ್ನ ಅಪ್ಪ ಒಬ್ಬನೇ. ಭಂಕೂರದ ಖಣಿಯಲ್ಲಿ ಕಲ್ಲು ಬಿಡಿಸುತ್ತಿದ್ದ ಅವನು ಯಾವ ಹಾಸನ್ನೂ ಸುತ್ತಿಗೆಯಿಂದ ತಟ್ಟದೆ ಎತ್ತುತ್ತಿರಲಿಲ್ಲ. ಠಣ್ ಎಂದರೆ ಗಟ್ಟಿ. ಬದ್ ಎಂದರೆ ಒಳಗೆ ಪದರು ಬಿಟ್ಟಿದೆ, ಮೇಲೆ ಎಷ್ಟು ನುಣ್ಣಗಿದ್ದರೂ ಅದರ ಮೇಲೆ ಕಾಲಿಡಬಾರದು. ಇಷ್ಟನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತಿದ್ದೆ.

ಶಹಾಬಾದಿನ ಇಪ್ಪತ್ತನಾಲ್ಕು ಮನೆಗಳ ಒಂದು ಅಪಾರ್ಟ್‌ಮೆಂಟಿನಲ್ಲಿ ಆಗ ನಾನು ಸೂಪರ್‌ವೈಸರ್. ಕೆಲಸಕ್ಕೆ ಸೇರಿದ್ದು ಮೀಟರು ಓದಲು. ಮೂರು ವರ್ಷದಲ್ಲಿ ಮೋಟಾರು, ಲಿಫ್ಟು, ಕಸ, ಸೋರುವ ಗೋಡೆ, ಮೇಲಿನ ಮನೆಯವರಿಗೂ ಕೆಳಗಿನ ಮನೆಯವರಿಗೂ ನಡೆಯುವ ಜಗಳ ಎಲ್ಲ ನನ್ನ ತಲೆಗೇ ಬಂದವು. ಬಾಯಿ ಜೋರು ಎಂದು ನನ್ನನ್ನು ಎಲ್ಲರೂ ಬೈಯುತ್ತಿದ್ದರು, ಆದರೆ ಊರಿಗೆ ಹೋಗುವಾಗ ಮನೆಯ ಇನ್ನೊಂದು ಚಾವಿ ನನ್ನ ಕೈಯಲ್ಲೇ ಕೊಟ್ಟು, ಬಂದ ಮೇಲೂ ನನ್ನ ಹತ್ತಿರವೇ ಬಿಡುತ್ತಿದ್ದರು. ಆಫೀಸು ಎಂದು ಕರೆಯುವ ಗೂಡಿನಲ್ಲಿ ಮೊಳೆ ಹೊಡೆದ ಒಂದು ಹಲಗೆಯಿತ್ತು. ಮನೆಗೊಂದು ಮೊಳೆ, ಮೊಳೆಗೊಂದು ಚಾವಿ. ಅದನ್ನು ನೋಡಿದಾಗಲೆಲ್ಲ ನನಗೆ ಸೊಕ್ಕು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಮಾಲೀಕರು ಸೇಡಂನಲ್ಲಿ ಇನ್ನೊಂದು ದೊಡ್ಡ ಕಟ್ಟಡ ಮುಗಿಸಿದ್ದರು. ಅದಕ್ಕೊಬ್ಬ ಮ್ಯಾನೇಜರು ಬೇಕಿತ್ತು, ಇರಲು ಮನೆಯೂ ಸಿಗುತ್ತಿತ್ತು. ನಾನೋ, ಭಂಕೂರದ ಅಣ್ಣನ ಮನೆಯಲ್ಲಿ ಎರಡು ಖೋಲಿಗೆ ಏಳು ಜನರಲ್ಲಿ ಒಬ್ಬಳಾಗಿ ಮಲಗಿ, ಬೆಳಗ್ಗೆ ಟಂಟಂ ಆಟೋ ಹಿಡಿದು ಬರುವವಳು. ಸೇಡಂ ಎಂಬ ಎರಡಕ್ಷರ ನನ್ನ ಬಾಯಲ್ಲಿ ಬೆಲ್ಲದ ಹಾಗೆ ಇತ್ತು. ಎಂಟು ದಿನ ಬಿಟ್ಟು ಬಂದು ಕಟ್ಟಡ ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದಿದ್ದರು ಮಾಲೀಕರು.

ಅದೇ ದಿನ ಬೋರಿನ ಮೋಟಾರು ಸುಟ್ಟುಹೋಯಿತು. ನೀರಿಲ್ಲದೆ ಇಪ್ಪತ್ತನಾಲ್ಕು ಮನೆಯವರೂ ನನ್ನ ಮೇಲೆ ಹರಿಹಾಯ್ದರು. ಮಧ್ಯಾಹ್ನ ಟ್ಯಾಂಕರ್ ಬಂದರೆ ಅದರ ಪೈಪು ಅಂಗಳದ ಸಂಪಿನ ತನಕ ಎಟುಕಲಿಲ್ಲ. ಅಂಗಳಕ್ಕೆ ವಾಹನ ತರಬಾರದು ಎಂಬ ಬೋರ್ಡು ಬರೆಸಿದ್ದವಳು ನಾನೇ. ‘ಬರ್ಲಿ ಒಳಗ’ ಎಂದವಳೂ ನಾನೇ. ತುಂಬಿದ ಟ್ಯಾಂಕರಿನ ಹಿಂದಿನ ಗಾಲಿ ಸಂಪಿನ ಮೇಲಿನ ದೊಡ್ಡ ಪರಸಿಯ ಮೇಲೆ ಹತ್ತಿ ಇಳಿಯಿತು.

‘ಏನ್ ಆಗ್ತದ ಬಿಡ್ರಿ ಅಕ್ಕಾವ್ರ, ಪರಸಿ ಅದು’ ಎಂದ ವಾಚ್‌ಮನ್.

ಅವನು ಆ ಕಡೆ ಹೋದ ಮೇಲೆ ಮೋಟಾರು ಬಿಚ್ಚುವ ಪಾನಾ ತೆಗೆದುಕೊಂಡು ತಟ್ಟಿ ನೋಡಿದೆ. ಬದ್. ಇನ್ನೊಂದು ಮೂಲೆ ತಟ್ಟಿದೆ. ಬದ್. ಕೆಳಗೆ ಎರಡಾಳು ಆಳದ ನೀರು.

ಅವತ್ತೇ ಮಾಲೀಕರಿಗೆ ಫೋನು ಮಾಡಬೇಕಿತ್ತು. ಮಾಡಿದರೆ ಟ್ಯಾಂಕರನ್ನು ಒಳಗೆ ಬಿಟ್ಟವರು ಯಾರು ಎಂಬ ಮಾತು ಬರುತ್ತಿತ್ತು, ಸೇಡಂ ಅಲ್ಲಿಗೇ ಮುಗಿಯುತ್ತಿತ್ತು. ಎಂಟು ದಿನ ತಾನೆ, ಸಾಹೇಬರು ಬಂದುಹೋದ ಮರುದಿನವೇ ಭಂಕೂರದಿಂದ ಬೇರೆ ಕಲ್ಲು ತರಿಸಿದರಾಯಿತು ಎಂದುಕೊಂಡೆ. ಯಾರೂ ಕಾಲಿಡದಿರಲಿ ಎಂದು ಆ ಪರಸಿಯ ಅಂಚಿಗೆ ಎರಡು ಹೂಕುಂಡ ತಂದಿಟ್ಟು, ಭಾಳ ಶಾಣ್ಯಾಕಿ ನಾನು ಎಂದುಕೊಂಡೆ.

ಆದರೆ ಅಂಗಳದಲ್ಲಿ ಅಷ್ಟು ನುಣುಪಾದ ಕಲ್ಲು ಇನ್ನೊಂದಿರಲಿಲ್ಲ. ನೆಲಮಹಡಿಯ ಮನೆಯೊಂದರ ಏಳು ವರ್ಷದ ಹುಡುಗಿ ದಿನಾ ಅದರ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು ಕುಂಟೆಬಿಲ್ಲೆ ಆಡುತ್ತಿದ್ದಳು. ನಾನು ಅಳಿಸುತ್ತಿದ್ದೆ, ಅವಳು ಬರೆಯುತ್ತಿದ್ದಳು. ನಾನು ಗದರುತ್ತಿದ್ದೆ, ಅವಳು ನಾನು ಮೋಟಾರಿನ ಕಡೆ ಹೋಗುವುದನ್ನೇ ಕಾಯುತ್ತಿದ್ದಳು. ಅವಳ ತಾಯಿ ಬಾಗಿಲಲ್ಲಿ ನಿಂತು, ‘ಆಡ್ಲಿ ಬಿಡ್ರಿ ಅಕ್ಕಾ, ಕೂಸಿನ ಮ್ಯಾಲ್ಯಾಕ ಇಷ್ಟ್ ಸಿಟ್ಟು?’ ಎಂದು ನಗುತ್ತಿದ್ದಳು. ದಿನಾ ನಾಲ್ಕು ಗಂಟೆಗೆ ನನಗೆ ಚಹಾ ತಂದುಕೊಡುತ್ತಿದ್ದವಳು ಅವಳು. ರಾತ್ರಿ ಭಂಕೂರದಲ್ಲಿ ಮಲಗಿದರೂ ಕಿವಿ ಶಹಾಬಾದಿನಲ್ಲೇ ಇರುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಎಂಟನೆಯ ದಿನ, ಭಾನುವಾರ, ಹತ್ತು ಗಂಟೆಗೆ ಮಾಲೀಕರು ಬಂದರು. ಮೇಲಿನಿಂದ ಕೆಳಗಿನವರೆಗೆ ನೋಡಿ, ಅಂಗಳಕ್ಕೆ ಬಂದು ನಿಂತರು. ಮನೆಯವರೆಲ್ಲ ಸುತ್ತ ಸೇರಿದ್ದರು. ‘ನೋಡ್ ತಂಗಿ, ಸೇಡಂದ ವಿಚಾರ...’ ಎಂದು ಅವರು ಶುರುಮಾಡಿದಾಗ, ಅವರ ಬೆನ್ನ ಹಿಂದೆ ಬಿಲ್ಲೆ ಬಿದ್ದ ಸದ್ದು ಕೇಳಿತು. ಹುಡುಗಿ ಕುಂಡಗಳನ್ನು ಬದಿಗೆ ಜರುಗಿಸಿ ಮೊದಲನೆಯ ಮನೆಗೆ ಕುಂಟಿದ್ದಳು. ಎರಡನೆಯದಕ್ಕೂ ಕುಂಟಿದಳು. ಮೂರನೆಯ ಮನೆ ಪರಸಿಯ ನಟ್ಟನಡುವೆ ಇತ್ತು.

ಸಾಹೇಬರ ಮಾತು ಅಲ್ಲಿಗೇ ಬಿಟ್ಟು ಓಡಿದೆ. ಅವಳ ರಟ್ಟೆ ಹಿಡಿದು ಎಳೆದ ರಭಸಕ್ಕೆ ಹುಡುಗಿ ಬಿದ್ದು ಚೀರಿದಳು. ‘ಯಾಕ್ರೀ ಅಕ್ಕಾ!’ ಎಂದು ತಾಯಿ ಕೂಗಿದಳು. ನಾನು ವಾಚ್‌ಮನ್‌ನಿಂದ ಸಲಾಕೆ ತರಿಸಿ, ದೂರ ನಿಂತು, ಕಲ್ಲಿನ ನಡುವೆ ಒಂದೇ ಒಂದು ಏಟು ಹಾಕಿದೆ. ಪರಸಿ ಎರಡಾಗಿ, ಸೀಮೆಸುಣ್ಣದ ಮನೆಗಳ ಸಮೇತ ನೀರಿಗೆ ಬಿತ್ತು. ಒಂದು ಹೂಕುಂಡವೂ ಅದರ ಹಿಂದೆಯೇ ಹೋಯಿತು.

ಮೊದಲು ಮಾತಾಡಿದವರು ಮಾಲೀಕರೇ. ‘ಕಲ್ಲಿನ ಮಂದಿ ಮಗಳು ನೋಡ್ರಿ! ಬಿಲ್ಲಿ ಸಪ್ಪಳಕ್ಕ ಹಿಡದ್ಳು. ಸೇಡಂಕ್ಕ ಇಕಿನೇ ಹೋಗ್ಬೇಕು.’ ಯಾರೋ ಚಪ್ಪಾಳೆ ತಟ್ಟಿದರು. ಟ್ಯಾಂಕರಿನ ಮಾತನ್ನು ವಾಚ್‌ಮನ್ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೈಮುಗಿದು ನಿಂತುಕೊಂಡೆ.

ನಾಲ್ಕು ಗಂಟೆಗೆ ಆ ತಾಯಿ ಆಫೀಸಿಗೆ ಬಂದಳು. ಕೈಯಲ್ಲಿ ಚಹಾ ಇರಲಿಲ್ಲ.

‘ಅಕ್ಕಾ, ಆ ಹೂಕುಂಡ ಅಲ್ಲಿ ಯಾಕ್ ಇಟ್ಟಿದ್ರಿ?’

ಚೆಂದಕ್ಕೆ ಎನ್ನಬಹುದಿತ್ತು. ಬಿಸಿಲಿಗೆ ಎನ್ನಬಹುದಿತ್ತು. ಅವಳ ಮುಖ ನೋಡಿದ ಮೇಲೆ ಎರಡೂ ಬಾಯಿಗೆ ಬರಲಿಲ್ಲ.

‘ಗೊತ್ತಿತ್ತು’ ಎಂದೆ. ‘ಎಂಟ್ ದಿನದಿಂದ.’

ಅವಳು ಕೂಗಾಡಿದ್ದರೆ ನನಗೂ ಕೂಗಾಡಲು ಬರುತ್ತಿತ್ತು. ಅವಳು ಬರೀ ಕೈ ಚಾಚಿದಳು. ‘ನಮ್ಮ ಮನಿ ಚಾವಿ ಕೊಡ್ರಿ.’ ಮೊಳೆಯಿಂದ ತೆಗೆದುಕೊಟ್ಟೆ. ಆಮೇಲೆ ಅವಳು ಆ ವಿಷಯವನ್ನು ಯಾರ ಹತ್ತಿರವೂ ಆಡಲಿಲ್ಲ, ನನ್ನ ಹತ್ತಿರವೂ ಮಾತಾಡಲಿಲ್ಲ. ವಾಡಿಯ ತವರಿಗೆ ಹೋಗುವಾಗ ಆಫೀಸಿನ ಮುಂದೆಯೇ ಹಾದು, ಎದುರುಮನೆಯ ಮುದುಕಿಗೆ ಚಾವಿ ಕೊಟ್ಟು ಹೋದಳು.

ಸೇಡಂಗೆ ಹೊರಡುವ ದಿನ ಹೊಸ ಸೂಪರ್‌ವೈಸರನಿಗೆ ಹಲಗೆ ಒಪ್ಪಿಸಿದೆ. ‘ಈ ಮೊಳಿ ಯಾಕ್ ಖಾಲಿ ಅದರಿ?’ ಎಂದು ಕೇಳಿದ.

‘ಅವ್ರು ಯಾರಿಗೂ ಚಾವಿ ಕೊಡಂಗಿಲ್ಲ’ ಎಂದೆ.

ಒಂದು ವಾರವಾಗಿರಬೇಕು. ಸೇಡಂನ ಹೊಸ ಆಫೀಸಿನಲ್ಲಿ ಕೂತಿದ್ದಾಗ ಅವನ ಫೋನು ಬಂತು. ಬೇರೇನೋ ಕೇಳಿದ, ಹೇಳಿದೆ. ಇಡುವ ಮೊದಲು ನಕ್ಕು ಹೇಳಿದ: ‘ಅಕ್ಕಾವ್ರ, ಆ ಖಾಲಿ ಮೊಳಿ ಮನಿಯವ್ರು ಇವತ್ತ್ ತಾವೇ ಬಂದು ಚಾವಿ ಕೊಟ್ಟ್ ಹೋದ್ರು ನೋಡ್ರಿ. ನೀವು ಯಾರಿಗೂ ಕೊಡಂಗಿಲ್ಲ ಅಂದಿದ್ರಲ್ಲ?’