ನಡಾವಳಿಗೆ ಸೇರಿದ ಜಗಳ

ಸ್ನೇಹಿತರೇ, ಇವತ್ತು ಮೂಡುಬಿದಿರೆಯ ನಮ್ಮ ಕಾಲೇಜಿನ ಆಡಳಿತ ಮಂಡಳಿ ಸಭೆಯಲ್ಲಿ, ಗುಮಾಸ್ತನಾದ ನಾನು ಕಳೆದ ಸಲದ ನಡಾವಳಿ ಓದಿದೆ: "ಹಾಸ್ಟೆಲಿನ ಜಾಗದ ಬಗ್ಗೆ ಕೂಲಂಕಷವಾಗಿ ಚರ್ಚಿಸಿ, ಸರ್ವಾನುಮತದಿಂದ ಅಂಗೀಕರಿಸಲಾಯಿತು."

ಸದಸ್ಯ ಜಿನರಾಜಣ್ಣ ತಡೆದರು. "ಚರ್ಚೆ ಎಲ್ಲಿ ಮಾರಾಯ್ರೆ? ತುಳುವಿನಲ್ಲಿ ಜಗಳ ಆದದ್ದಲ್ವಾ? ನಾನು ಎದ್ದು ಹೋದದ್ದನ್ನು ನೀವು ಬರೆಯಲೇ ಇಲ್ಲ."

ಅವತ್ತು ಅವರೊಂದಿಗೆ ಜಗಳವಾಡಿದ್ದ ಮೋನು ಹಾಜಿಯವರೂ ದನಿಗೂಡಿಸಿದರು. "ನಾನು ಮೇಜಿಗೆ ಗುದ್ದಿದ್ದೂ ಇದರಲ್ಲಿ ಇಲ್ಲ. ಇದು ಶಾಶ್ವತವಾಗಿ ಇಡುವ ದಾಖಲೆ ಅಲ್ವಾ? ಮುಂದೆ ಓದಿದವರು ನಾವು ಸುಮ್ಮನೆ ಚಾ ಕುಡಿದು ಹೋದದ್ದು ಅಂತ ಎಣಿಸ್ತಾರೆ."

ಅಧ್ಯಕ್ಷರೂ ಉಳಿದ ಸದಸ್ಯರೆಲ್ಲರೂ ನಗುತ್ತಲೇ ಒಪ್ಪಿದರು. ಎರಡನ್ನೂ ಸೇರಿಸಿದೆ.

"ನಾನು ಊಟಕ್ಕೆ ವಾಪಸ್ ಬಂದದ್ದು ಬೇಡ" ಎಂದರು ಜಿನರಾಜಣ್ಣ.

ಇಷ್ಟು ವರ್ಷ 'ಸರ್ವಾನುಮತದಿಂದ' ಎಂದು ಬರೆಯುತ್ತಲೇ ಬಂದಿದ್ದೇನೆ. ಅದು ನಿಜವಾದದ್ದು ಇವತ್ತೇ, ಅದೂ ಜಗಳವನ್ನು ದಾಖಲಿಸುವುದಕ್ಕೆ.